ಗೋಡೆಯಾಚೆಯ ಮೈಲಾಂಜಿ

"ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ. ನಿಮ್ಮ ಬೆನ್ನು ನೋಡ್ಲಿಕ್ಕೆ ನಾನು ಬಂದದ್ದಲ್ಲ."

ಗೋಡೆಯ ಒಳಗಿದ್ದ ಬಿಳಿ ಟೊಪ್ಪಿ ಗಾಬರಿಯಿಂದ ಎಡಕ್ಕೆ ಸರಿಯಿತು. ಟೊಪ್ಪಿಯ ಕೆಳಗೆ ಕಾಸಿಂ ಇದ್ದ. ಅವನ ಕೈಯಲ್ಲಿ ನೀರಿನ ಕ್ಯಾನ್ ಇತ್ತು.

"ಈಗ ಕಾಣ್ತದಾ?"

"ಕ್ಯಾನ್ ಕಾಣ್ತದೆ."

ಅವನು ಕ್ಯಾನನ್ನು ನೆಲಕ್ಕಿಟ್ಟ. ನಶೀದಾ ಒಂದರ ಮೇಲೊಂದು ಇಟ್ಟ ಎರಡು ಕೆಂಪುಕಲ್ಲುಗಳ ಮೇಲೆ ತುದಿಗಾಲಲ್ಲಿ ನಿಂತು, ಗೋಡೆಯ ಒಣಪಾಚಿಗೆ ಹತ್ತೂ ಬೆರಳು ಊರಿ, ಇನ್ನೊಂದಿಂಚು ಮೇಲೆದ್ದಳು. ಮಂಡೆಕೋಲಿನ ಆ ಸಣ್ಣ ಮಸೀದಿಯ ಖಬರಸ್ಥಾನದೊಳಗೆ ಹೆಂಗಸರು ಹೋಗುವ ರೂಢಿಯಿಲ್ಲ. ಗೋಡೆ ದಾಟಲು ಒಪ್ಪಿಗೆ ಇದ್ದದ್ದು ಅವಳ ಕಣ್ಣಿಗೆ ಮಾತ್ರ.

ಆಗ ಕಂಡಿತು. ಹೆಸರು ಬರೆಯದ ಎರಡು ಕಲ್ಲುಗಳ ನಡುವೆ ತುಸು ಕುಸಿದ ಮಣ್ಣು. ತಲೆಯ ಬಳಿ ಮೊಣಕಾಲೆತ್ತರದ ಮೈಲಾಂಜಿ ಗಿಡ. ಊರಿನ ಬೇರೆಯವರು ಮದರಂಗಿ ಎನ್ನುವುದನ್ನು ನಶೀದಾಳ ಮನೆಯಲ್ಲಿ ಮೈಲಾಂಜಿ ಎನ್ನುತ್ತಾರೆ. ಫೆಬ್ರವರಿಯ ಬಿಸಿಲಿಗೆ ಸುತ್ತಲಿನ ಹುಲ್ಲೆಲ್ಲ ಬೂದಿಬಣ್ಣಕ್ಕೆ ತಿರುಗಿತ್ತು. ಅದೊಂದು ಹಸಿರಾಗಿತ್ತು.

"ಅದೇನಾ?"

"ಅದೇ."

"ನಾನು ಕೊಟ್ಟ ಕಡ್ಡಿ?"

ಕಾಸಿಂ ಬಗ್ಗಿ ಕ್ಯಾನಿನ ಮುಚ್ಚಳ ಬಿಗಿಮಾಡಿದ. ಅದು ಮೊದಲೇ ಬಿಗಿಯಾಗಿತ್ತು.

"ಹಾಂ," ಎಂದ.

ನಶೀದಾ ಅತ್ತಳು. ಗಂಡ ಸತ್ತು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇದ್ದತ್ ಕೂತು, ಅದು ಮುಗಿದ ಮರುದಿನ ಬಂದಿದ್ದಳು. ಅಲ್ಲಿಯವರೆಗೆ ಬಾರದ ಅಳು ಒಂದು ಹಿಡಿ ಎಲೆ ನೋಡಿ ಬಂದಿತು. ಕಾಸಿಂ ಅವಳ ಕಡೆ ನೋಡದೆ ಮುಚ್ಚಳ ತೆಗೆದು ಗಿಡದ ಬುಡಕ್ಕೆ ನೀರು ಹೊಯ್ಯುತ್ತಲೇ ಇದ್ದ. ಕ್ಯಾನ್ ಖಾಲಿಯಾಯಿತು. ಖಾಲಿ ಕ್ಯಾನನ್ನು ಇನ್ನೂ ಸ್ವಲ್ಪ ಹೊತ್ತು ಬಗ್ಗಿಸಿಯೇ ಹಿಡಿದಿದ್ದ.

*

ಸಾಹುಲ್ ಹಮೀದ್ ತೀರಿಕೊಂಡದ್ದು ಅಕ್ಟೋಬರಿನಲ್ಲಿ. ಇಲಿಜ್ವರ, ಐದೇ ದಿನ. ಮಯ್ಯತ್ ಎತ್ತುವ ಹೊತ್ತಿಗೆ ನಶೀದಾ ಹಿತ್ತಲಿಗೆ ಹೋಗಿ ಮೈಲಾಂಜಿಯ ಒಂದು ಕಡ್ಡಿ ಮುರಿದಳು. ಉಮ್ಮನ ಉಮ್ಮ, ಅವಳ ಅಜ್ಜಿ, ನೆಟ್ಟ ಗಿಡ ಅದು. ಏಳು ವರ್ಷದ ಹಿಂದೆ ಮದುವೆಗೆ ಅದರದೇ ಎಲೆ ಅರೆದು ಅವಳ ಅಂಗೈಗೆ ಹಚ್ಚಿದ್ದರು. ಬಣ್ಣ ಕಪ್ಪಾಗುವಷ್ಟು ಕೆಂಪು ಬಂದದ್ದನ್ನು ನೋಡಿ ಸಾಹುಲ್, "ಇಷ್ಟು ಪ್ರೀತಿಯಾ? ನನ್ನಿಂದಾಗ್ಲಿಕ್ಕಿಲ್ಲಪ್ಪ," ಎಂದಿದ್ದ.

ಬಾಗಿಲಲ್ಲಿ ಕೈಗೆ ಸಿಕ್ಕವನು ಕಾಸಿಂ. ಸಾಹುಲನ ಜೊತೆ ಮದ್ರಸದಲ್ಲಿ ಕಲಿತವನು, ಈಗ ಬೆಳ್ಳಾರೆಯಲ್ಲಿ ನರ್ಸರಿ ಇಟ್ಟವನು. "ತಲೆ ಹತ್ರ ಊರಿ," ಎಂದಷ್ಟೇ ಹೇಳಿ ಕಡ್ಡಿ ಕೊಟ್ಟಿದ್ದಳು. ಅವಳಿಂದ ಗಂಡನ ಜೊತೆ ಮಣ್ಣಿಗೆ ಹೋದದ್ದು ಅದೊಂದೇ.

ಅಬ್ದುಲ್ ರಹ್ಮಾನ್ ಉಸ್ತಾದರು ಅವಳಿಗೆ ಅಕ್ಷರ ಕಲಿಸಿದವರು. ಈಗ ಎಂಬತ್ತು ದಾಟಿ ಮಸೀದಿಯ ಜಗಲಿಯಲ್ಲಿ ಕೂತಿರುತ್ತಾರೆ. ಗೋಡೆಯ ಬಳಿ ಅವಳು ಕಲ್ಲಿನಿಂದ ಇಳಿಯುವುದನ್ನು ಕಂಡು ಕರೆದರು.

"ಮೋಳೇ, ಅಳ್ಬೇಡ. ಪ್ರವಾದಿ ನೆಬಿಯವರು ಒಮ್ಮೆ ಎರಡು ಖಬರ್ ದಾಟಿ ಹೋಗ್ತಿದ್ರು. ಒಳಗಿದ್ದವರಿಗೆ ಕಷ್ಟ ಆಗ್ತಾ ಉಂಟು ಅಂತ ಅವರಿಗೆ ಗೊತ್ತಾಯ್ತು. ಒಂದು ಹಸಿ ಖರ್ಜೂರದ ಗರಿ ತರಿಸಿ ಎರಡು ಸೀಳು ಮಾಡಿ ಒಂದೊಂದಕ್ಕೆ ಊರಿದ್ರು. ಯಾಕೆ ಅಂತ ಕೇಳಿದ್ದಕ್ಕೆ ಎಂತ ಹೇಳಿದ್ರು ಹೇಳು?"

"ಇದು ಒಣಗುವವರೆಗೆ ಅವರಿಗೆ ಹಗುರ ಆಗ್ಬಹುದು ಅಂತ."

"ಹಾಂ. ಹಸಿರು ಇರುವಷ್ಟು ಕಾಲ ಗಿಡ ಅಲ್ಲಾಹನ ಹೆಸರು ಹೇಳ್ತಾ ಇರ್ತದೆ. ನಾವು ಮರೀತೇವೆ, ಮಲಗ್ತೇವೆ. ಅದು ಮಲಗುದಿಲ್ಲ."

ಒಣಗುವವರೆಗೆ. ನಶೀದಾ ಆ ಒಂದು ಮಾತನ್ನು ಮನೆಗೆ ಕೊಂಡುಹೋದಳು. ಮುಂದಿನ ಭಾನುವಾರ ಮತ್ತೆ ಕಲ್ಲು ಹತ್ತಿದಳು. ಅದರ ಮುಂದಿನ ಭಾನುವಾರವೂ.

*

ಭಾನುವಾರ ಸಂಜೆಯ ಅಸರ್ ನಮಾಜಿನ ನಂತರ ಕಾಸಿಂ ಬೆಳ್ಳಾರೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ. ಅಲ್ಲೇ ಹತ್ತಿರ ಅವನ ಉಮ್ಮನ ಮನೆ. ನೀರು ಹೊಯ್ಯುವುದು ಹತ್ತು ನಿಮಿಷದ ಕೆಲಸ. ಏಪ್ರಿಲ್ ಬರುವಷ್ಟರಲ್ಲಿ ಅದು ಮುಕ್ಕಾಲು ಗಂಟೆ ಹಿಡಿಯತೊಡಗಿತು.

"ಹಸಿರುಂಟಾ?" ಅವಳ ಮೊದಲ ಪ್ರಶ್ನೆ ಯಾವಾಗಲೂ ಅದೇ.

"ನಿಮಗೆ ಕಾಣುದಿಲ್ವಾ?"

"ನೀವು ಹೇಳಿ. ನೀವು ಗಿಡದ ಡಾಕ್ಟರ್."

"ಪೇಷೆಂಟಿಗೆ ಆರಾಮ. ಹೊರಗೆ ನಿಂತವರಿಗೆ ಜ್ವರ."

ಅವಳಿಗೆ ನಗು ಬಂದರೆ ಗೋಡೆಯ ಈಚೆ ಬಗ್ಗಿಬಿಡುತ್ತಿದ್ದಳು. ಖಬರಸ್ಥಾನದ ಕಡೆ ಮುಖ ಮಾಡಿ ನಗುವುದು ಸರಿಯಲ್ಲ. ಕಾಸಿಂಗೆ ಕಾಣುತ್ತಿದ್ದದ್ದು ಎರಡು ಕಣ್ಣು, ಆಮೇಲೆ ಬರೀ ಆಕಾಶ, ಆಮೇಲೆ ಮತ್ತೆ ಎರಡು ಕಣ್ಣು. ಎರಡನೆಯ ಸಲ ಬಂದ ಕಣ್ಣುಗಳ ಅಂಚು ಒದ್ದೆಯಿರುತ್ತಿತ್ತು. ನಕ್ಕು ಒದ್ದೆಯಾದದ್ದೋ ಅತ್ತು ಒದ್ದೆಯಾದದ್ದೋ ಕೇಳಲು ಅವನಿಗೆ ಧೈರ್ಯವಾಗಲಿಲ್ಲ.

ಒಮ್ಮೆ ಅವಳು ಹೇಳಿದಳು, "ಇದ್ದತ್ ಕೂತದ್ದು ಯೂನುಸ್ ನೆಬಿಯವರು ಮೀನಿನ ಹೊಟ್ಟೆಯಲ್ಲಿ ಕೂತ ಹಾಗೆ ಆಗಿತ್ತು. ಹೊರಗೆ ಬಂದ್ರೆ ಬೆಳಕು ಚರ್ಮಕ್ಕೆ ಚುಚ್ಚುದು."

"ಅವರಿಗೆ ದಡದಲ್ಲಿ ಸೋರೆಬಳ್ಳಿ ಹಬ್ಬಿಸಿ ನೆರಳು ಕೊಟ್ಟದ್ದಲ್ವಾ?"

"ಕೊಟ್ಟದ್ದು ಅಲ್ಲಾಹು. ನಮಗೆ ಯಾರು ಕೊಡ್ತಾರೆ?"

ಮರುವಾರ ಗೋಡೆಯ ಮೇಲೆ ಒಂದು ಕಾಗದದ ಪೊಟ್ಟಣ ಇತ್ತು. ಒಳಗೆ ಐದು ಸೋರೆಬೀಜ. ಅವಳು ಬಚ್ಚಲ ನೀರು ಹೋಗುವಲ್ಲಿ ಹಾಕಿದಳು. ಜೂನ್ ಮುಗಿಯುವ ಹೊತ್ತಿಗೆ ಬಳ್ಳಿ ಹಿತ್ತಲ ಬಾಗಿಲಿಗೆ ಹಸಿರು ಚಪ್ಪರ ಕಟ್ಟಿತು. ಬಟ್ಟೆ ಒಗೆಯುತ್ತಾ ಆ ನೆರಳಿನಲ್ಲಿ ನಿಂತಾಗ ಯಾರೋ ಹಿಂದಿನಿಂದ ತಲೆಗೆ ಶಾಲು ಹೊದಿಸಿದ ಹಾಗೆ ಅನ್ನಿಸುತ್ತಿತ್ತು. ಅವಳಿಗೆ ಹೆದರಿಕೆಯಾಯಿತು.

*

ನಶೀದಾ ಸುಳ್ಯದ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಕ್ಟೋಬರಿನ ಒಂದು ಮಧ್ಯಾಹ್ನ ಕಾಸಿಂ ಅಲ್ಲಿಗೆ ಬಂದ. ಅವರಿಬ್ಬರ ನಡುವೆ ಗೋಡೆಯಿಲ್ಲದ ಮೊದಲ ದಿನ ಅದು. ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಕಸಿ ಕಟ್ಟುವಾಗ ತೊಗಟೆಯ ಗೆರೆ ಕಾಣುದಿಲ್ಲ," ಎಂದ. "ವಯಸ್ಸಾಯ್ತು."

"ಎಷ್ಟು?"

"ಮೂವತ್ತೊಂಬತ್ತು."

"ಮುದುಕರಿಗೆ ಆ ಕುರ್ಚಿ," ಎಂದು ತೋರಿಸಿದಳು.

ಪರೀಕ್ಷೆಯ ದಪ್ಪ ಫ್ರೇಮನ್ನು ಅವನ ಕಿವಿಗೆ ಸಿಕ್ಕಿಸಿ, ಒಂದೊಂದೇ ಗಾಜು ಹಾಕುತ್ತಾ, ಓದುವ ಕಾರ್ಡ್ ಕೊಟ್ಟಳು. ಅವನು ಮೊದಲ ಸಾಲು ಓದಿದ. ಎರಡನೆಯದು ಓದಿದ. ಮೂರನೆಯದರಲ್ಲಿ ನಿಂತ.

"ಕಾರ್ಡ್ ನೋಡಿ ಕಾಸಿಂಕಾ. ಅಕ್ಷರ ನನ್ನ ಮುಖದಲ್ಲಿಲ್ಲ."

"ಕಾರ್ಡಿನಲ್ಲಿ ಸಣ್ಣ ಉಂಟು."

ಇನ್ನೊಂದು ಗಾಜು ಹಾಕಿದಳು. ಅವನ ಕಣ್ಣು ಗಾಜಿನ ಹಿಂದೆ ದೊಡ್ಡದಾಯಿತು. ಅದರಲ್ಲಿ ಅವಳು ತನ್ನನ್ನೇ ಕಂಡಳು, ಬಾಗಿಲಿನ ಬೆಳಕಿನ ಜೊತೆ, ಎರಡು ಸಲ.

"ನಿಮ್ಮ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಉಂಟು," ಎಂದ ಅವನು. "ಇಷ್ಟು ದಿನ ನನ್ನ ಕಣ್ಣಿಗೇ ಎಂತದೋ ಆಗಿದೆ ಅಂತ ಅಂದ್ಕೊಂಡಿದ್ದೆ."

ಅವಳು ಫ್ರೇಮ್ ತೆಗೆದಳು. ಬೆರಳು ಅವನ ಕೆನ್ನೆಗೆ ತಾಗಿತು. ಬೆಳಿಗ್ಗೆಯಿಂದ ಹತ್ತು ಜನರಿಗೆ ಹೀಗೇ ಫ್ರೇಮ್ ತೆಗೆದ ಬೆರಳು ಅದು.

"ಪ್ಲಸ್ ಒಂದು," ಎಂದು ಚೀಟಿ ಬರೆದಳು. ಅಕ್ಷರ ಸೊಟ್ಟಗಾಯಿತು.

*

ಜನವರಿಯಲ್ಲಿ ಅವಳೂ ಉಮ್ಮನೂ ಬೆಳ್ಳಾರೆಗೆ ಒಂದು ಸಂಬಂಧಿಕರ ಮನೆಗೆ ಹೋದವರು ನರ್ಸರಿಗೂ ಹೋದರು. ಗೇಟಿನ ಬೋರ್ಡಿನಲ್ಲಿ ಬರೆದಿತ್ತು: ಕಿಯಾಮತ್ ಬಂದರೂ ಸರಿ, ಕೈಯಲ್ಲಿ ಸಸಿ ಇದ್ದರೆ ನೆಡು.

"ನೆಬಿಯವರ ಮಾತಂತೆ," ಎಂದ ಲತೀಶ್, ಅಲ್ಲಿ ಹನ್ನೆರಡು ವರ್ಷದಿಂದ ಕಸಿ ಕಟ್ಟುವವನು. "ನಮ್ಮ ಯಜಮಾನ್ರಿಗೆ ಭಾರಿ ನಂಬಿಕೆ. ಲೋಕ ಮುಳುಗುವ ದಿನವೂ ನನಗೆ ರಜೆ ಇಲ್ಲ ನೋಡಿ ಅಕ್ಕ."

ಉಮ್ಮ ಮಲ್ಲಿಗೆ ಗಿಡ ಆರಿಸುತ್ತಿದ್ದರು. ಕಾಸಿಂ ನಶೀದಾಳನ್ನು ಶೆಡ್ಡಿನ ಹಿಂದಕ್ಕೆ ಕರೆದ. ಐದು ಸೆಂಟ್ಸ್ ಜಾಗ. ನಡುವೆ ಒಂದು ನೀರಿನ ತೊಟ್ಟಿ, ಅದರಿಂದ ನಾಲ್ಕು ದಿಕ್ಕಿಗೆ ಸಣ್ಣ ಕಣಿ. ಅಂಜೂರ, ದಾಳಿಂಬೆ, ದ್ರಾಕ್ಷಿ, ಶುಂಠಿಯ ಒಂದು ಪಾತಿ, ಮೂಲೆಯಲ್ಲಿ ಕಾಮಕಸ್ತೂರಿ. ಕುರ್‌ಆನಿನಲ್ಲಿ ಹೆಸರು ಬರುವ ಗಿಡಗಳನ್ನು ಅವನು ಎರಡು ವರ್ಷದಿಂದ ಒಂದೊಂದಾಗಿ ತಂದು ನೆಡುತ್ತಿದ್ದ. ಒಂದು ಖರ್ಜೂರದ ಗಿಡವೂ ಇತ್ತು, ಈ ಊರಿನಲ್ಲಿ ಸಿಕ್ಕಿಬಿದ್ದ ನೆಂಟನ ಹಾಗೆ ಮುಖ ಮಾಡಿಕೊಂಡು.

"ಇದು ಕಾಯಿ ಬಿಡ್ತದಾ?"

"ಬಿಡ್ತದೆ, ಮಳೆಗೆ ಟ್ರಾನ್ಸ್‌ಫರ್ ಆದ್ರೆ!" ಶೆಡ್ಡಿನೊಳಗಿಂದ ಲತೀಶನ ದನಿ ಬಂತು.

"ನೀನು ಕೆಲಸ ಮಾಡು ಮಾರಾಯ," ಎಂದ ಕಾಸಿಂ. ಆಮೇಲೆ ತಗ್ಗಿದ ದನಿಯಲ್ಲಿ, "ಕಾಯಿ ಬಿಡುದಿಲ್ಲ. ಆದ್ರೂ ಇರ್ಲಿ ಅಂತ. ಸ್ವರ್ಗಕ್ಕೆ ಜನ್ನತ್ ಅನ್ನುದು, ಅಂದ್ರೆ ತೋಟ ಅಂತಲೇ ಅಲ್ವಾ ಅರ್ಥ? ತೋಟದಲ್ಲಿ ಎಲ್ಲವೂ ಮಾರ್ಲಿಕ್ಕೆ ಇರುದಲ್ಲ."

ನೀರು ಕಣಿಯಲ್ಲಿ ಸದ್ದಿಲ್ಲದೆ ಹೋಗುತ್ತಿತ್ತು. ಅವಳು ಕಾಮಕಸ್ತೂರಿಯ ಒಂದು ಎಲೆ ಹಿಸುಕಿ ಮೂಗಿಗೆ ಹಿಡಿದಳು.

"ಇದನ್ನು ನಿಮಗೆ ಮದುವೆಯ ಮಹ್ರ್ ಅಂತ ಕೊಡ್ತೇನೆ," ಎಂದ ಅವನು. "ನಿಮ್ಮ ಹೆಸರಿಗೆ ಬರೆದು. ನಮ್ಮ ನಿಕಾಹ್ ಆಗುದಾದ್ರೆ."

ಅವಳ ಬೆರಳಿನಲ್ಲಿ ಎಲೆ ನಿಂತಿತು. ಹೌದು ಅನ್ನುವ ಮಾತು ಗಂಟಲಿಗೆ ಬಂದು ಮುಟ್ಟಿದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅಷ್ಟು ಬೇಗ ಬಂದದ್ದಕ್ಕೇ ಅದನ್ನು ನುಂಗಿದಳು.

"ಅವರ ಹತ್ರ ಕೇಳ್ಬೇಕು."

"ಉಮ್ಮನ ಹತ್ರವಾ?"

"ಸಾಹುಲ್ ಅವರ ಹತ್ರ." ಅವಳು ತಲೆ ತಗ್ಗಿಸಿದಳು. "ನಗ್ಬೇಡಿ. ನಾನು ಅವರ ಜೊತೆ ಕಳಿಸಿದ್ದು ಅದೊಂದೇ ಕಡ್ಡಿ. ಅದು ಹೂ ಬಿಡ್ಲಿ. ಹೂ ಬಿಟ್ರೆ ಅವರು ಅಲ್ಲಿ ಚೆನ್ನಾಗಿದ್ದಾರೆ, ನನ್ನನ್ನು ಬಿಟ್ಟುಕೊಟ್ರು ಅಂತ ತಿಳೀತೇನೆ. ಆ ದಿನ ಹೇಳ್ತೇನೆ."

ಕಾಸಿಂ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

"ಅದು ಗಿಡ ನಶೀದಾ," ಎಂದ. "ಗಿಡಕ್ಕೆ ಅಷ್ಟು ಭಾರ ಹೊರಿಸ್ಬಾರದು."

"ನೀವೇ ಅಲ್ವಾ ಅದನ್ನು ಬದುಕಿಸಿದ್ದು? ನೀವೇ ಕಾಯಿರಿ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಲ್ಲಿಗೆ ಗಿಡ ಎತ್ತಿಕೊಂಡು ಉಮ್ಮ ಬಂದರು.

*

ಮಳೆ ಹಿಡಿಯಿತು. ಗೋಡೆಯ ಮೇಲೆ ಹೊಸ ಪಾಚಿ ಬಂತು, ನಿಲ್ಲುವ ಕಲ್ಲು ಜಾರತೊಡಗಿತು. ನೀರು ಹೊಯ್ಯುವ ಕೆಲಸವೇ ಇರಲಿಲ್ಲ. ಆದರೂ ಭಾನುವಾರ ಗೋಡೆಯ ಒಳಗೊಂದು ಕೊಡೆ, ಹೊರಗೊಂದು ಕೊಡೆ.

"ಹಸಿರುಂಟಾ?"

"ಉಂಟು."

"ಮೊಗ್ಗು?"

"ಇಲ್ಲ. ನಿಮಗೆ ಅವಸರವಾ?"

"ನನಗೆಂತಕ್ಕೆ?" ಎಂದು ಅವಳು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದಳು.

ರಾತ್ರಿ ನಮಾಜಿನ ಬಳಿಕ ಸಾಹುಲನಿಗಾಗಿ ದುವಾ ಮಾಡುತ್ತಿದ್ದಳು. ಕೊನೆಯಲ್ಲಿ ಮೈಲಾಂಜಿಗಾಗಿ ಒಂದು ಮಾತು ಸೇರಿಸುತ್ತಿದ್ದಳು. ಜುಲೈಯ ಯಾವುದೋ ದಿನದಿಂದ ಕೊನೆಯ ಮಾತು ಮೊದಲಿಗೆ ಬಂದದ್ದನ್ನು ಅವಳು ಗಮನಿಸಿದಳು. ಗಮನಿಸಿಯೂ ಸರಿಪಡಿಸಲಿಲ್ಲ.

*

ಸೆಪ್ಟೆಂಬರಿನ ಎರಡನೆಯ ಭಾನುವಾರ ಬಿಸಿಲು ಬಂತು. ಅವಳು ಮಸೀದಿಯ ತಿರುವು ದಾಟುವ ಮೊದಲೇ ಕಾಸಿಂನ ದನಿ ಕೇಳಿತು. ಖಬರಸ್ಥಾನದಲ್ಲಿ ಯಾರೂ ಹಾಗೆ ಕೂಗುವುದಿಲ್ಲ.

"ಬಿಟ್ಟಿದೆ! ನಶೀದಾ, ಬಿಟ್ಟಿದೆ!"

ಅವಳು ಓಡಿದಳು. ಚಪ್ಪಲಿ ಒಂದು ಕೆಸರಿನಲ್ಲೇ ಉಳಿಯಿತು. ಕಲ್ಲು ಹತ್ತಿದಳು. ಗಾಳಿಯಲ್ಲಿ ಆ ಪರಿಮಳ ಇತ್ತು, ಅವಳ ಮದುವೆಯ ಹಿಂದಿನ ದಿನ ಹಿತ್ತಲಿನಲ್ಲಿದ್ದ ಪರಿಮಳ. ಗೋಡೆಯ ಆಚೆ ಅವನು ನಿಂತಿದ್ದ, ಕನ್ನಡಕ ಹಾಕಿಕೊಂಡು, ಹಬ್ಬದ ಅಂಗಿ ತೊಟ್ಟು. ಮೊಗ್ಗನ್ನು ಅವನು ಮೊದಲೇ ನೋಡಿದ್ದಿರಬೇಕು, ಹೇಳದೆ ಇಟ್ಟುಕೊಂಡದ್ದಿರಬೇಕು. ಅವನ ಮುಖದಲ್ಲಿ ಮುಚ್ಚಿಡಲಾಗದ ನಗು ಇತ್ತು. ಆ ನಗುವನ್ನು ನೋಡಿ ಅವಳೂ ನಕ್ಕಳು. ಈ ಸಲ ಗೋಡೆಯ ಈಚೆ ಬಗ್ಗಲಿಲ್ಲ.

ಆಮೇಲೆ ಹೂವನ್ನು ನೋಡಿದಳು.

ಸಣ್ಣ ಸಣ್ಣ ಹೂವಿನ ಗೊಂಚಲು. ತಿಳಿಗೆಂಪು.

ಅವಳು ಕಣ್ಣು ಮುಚ್ಚಿ ತೆರೆದಳು. ಬಿಸಿಲಿನ ತಪ್ಪಿರಬಹುದು. ಮೋಡ ಸರಿಯಿತು, ಮತ್ತೆ ನೋಡಿದಳು. ಕೆಂಪೇ.

"ಕಾಸಿಂಕಾ," ಎಂದಳು. "ನೀವು ನಮ್ಮ ಹಿತ್ತಲಿಗೆ ಬಂದದ್ದುಂಟಾ?"

"ನಿಮ್ಮ ಹಿತ್ತಲಿಗೆ ನಾನ್ಯಾಕೆ ಬರುದು? ಹೆಂಗಸರಿರುವ ಜಾಗ." ಅವನು ಇನ್ನೂ ನಗುತ್ತಿದ್ದ. "ಇನ್ನು ಬರ್ತೇನೆ, ಕರೆದ್ರೆ."

"ನಮ್ಮ ಮೈಲಾಂಜಿ ಬಿಳಿ ಹೂ ಬಿಡುದು."

ನಗು ಅವನ ಮುಖದಿಂದ ಒಮ್ಮೆಲೇ ಹೋಗಲಿಲ್ಲ. ಹೋಗಲು ದಾರಿ ತಿಳಿಯದೆ ತುಟಿಯಲ್ಲೇ ನಿಂತಿತು.

"ಎಲ್ಲಿಯದು ಇದು?"

"ನರ್ಸರಿಯದ್ದು," ಎಂದ ಅವನು ಕೊನೆಗೆ. "ನೀವು ಇದ್ದತ್‌ನಲ್ಲಿದ್ರಿ. ಡಿಸೆಂಬರ್. ನಾನು ಗಿಡ ತರ್ಲಿಕ್ಕೆ ವಯನಾಡಿಗೆ ಹೋಗಿದ್ದೆ. ಬರುವಾಗ ನಿಮ್ಮ ಕಡ್ಡಿ ಒಣಗಿತ್ತು. ನನ್ನ ಗಾಡಿಯಲ್ಲಿ ಮೈಲಾಂಜಿಯ ಸಸಿ ಇತ್ತು."

"ಎಷ್ಟು ದಿನ ಹೋಗಿದ್ರಿ?"

"ಹನ್ನೊಂದು."

"ಆ ಹನ್ನೊಂದು ದಿನ ಅವರ ತಲೆ ಹತ್ರ ಎಂತ ಇತ್ತು?"

ಅವನು ಹಬ್ಬದ ಅಂಗಿಯ ತೋಳು ಕೆಳಗೆಳೆದ.

"ನಾನು ಮನೆಯೊಳಗೆ ಕೂತು ಹಸಿರುಂಟು, ಹಸಿರುಂಟು ಅಂತ ಹೇಳ್ತಾ ಇದ್ದೆ ಕಾಸಿಂಕಾ. ಆಗ ಅಲ್ಲಿ ಒಣಕಡ್ಡಿ."

"ನರ್ಸರಿಯಲ್ಲಿ ಒಂದು ಸತ್ರೆ ಆ ಜಾಗಕ್ಕೆ ಇನ್ನೊಂದು ಇಡ್ತೇವೆ. ನಮ್ಮ ಕೈಗೆ ಅದೇ ಅಭ್ಯಾಸ." ಅವನ ದನಿ ಒಡೆಯಿತು. "ಕೈಯಲ್ಲಿ ಸಸಿ ಇತ್ತು. ನೆಟ್ಟೆ. ನೀವು ಮೊದಲ ದಿನ ಅಳುವಾಗ ಹೇಳ್ಲಿಕ್ಕೆ ಆಗ್ಲಿಲ್ಲ. ಮತ್ತೆ ಪ್ರತಿ ಭಾನುವಾರ ಇನ್ನೂ ಕಷ್ಟ ಆಯ್ತು. ಉಸ್ತಾದರ ಹತ್ರ ಕೇಳು ಬೇಕಾದ್ರೆ. ಯಾವ ಗಿಡವಾದ್ರೂ ಅಲ್ಲಾಹನ ಹೆಸರು ಹೇಳ್ತದೆ. ನನ್ನದೂ ಹೇಳ್ತದೆ."

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಬೇರೆ ಯಾವ ದಿನವಾದರೂ ಆ ಒಂದು 'ಕೇಳು' ಅವಳನ್ನು ವಾರವಿಡೀ ಎಚ್ಚರವಾಗಿ ಇಡುತ್ತಿತ್ತು.

"ಹೇಳ್ತದೆ, ನನಗೆ ಗೊತ್ತುಂಟು," ಎಂದಳು. "ಅವರಿಗೆ ಅದ್ರಿಂದ ಏನೂ ಕಡಿಮೆ ಆಗ್ಲಿಲ್ಲ. ಎರಡು ವರ್ಷ ನೀರು ಹೊಯ್ದದ್ದು ನೀವು. ಅದರ ಕೂಲಿ ನಿಮಗೆ ಅಲ್ಲಿ ಸಿಗ್ಲಿ. ಆದ್ರೆ ನಾನು ಪ್ರಶ್ನೆ ಕೇಳಿದ್ದು ಅವರ ಹತ್ರ. ಉತ್ತರ ಕೊಟ್ಟದ್ದು ನೀವು."

"ನಾನು ಕೊಡ್ಬಾರದಾ? ಅವರು ಹೇಗೆ ಕೊಡುದು? ಅವರು ಇಲ್ಲ ನಶೀದಾ."

ಜಗಲಿಯಲ್ಲಿ ಉಸ್ತಾದರು ಕೆಮ್ಮಿದರು. ಒಂದು ಜೇನುನೊಣ ಕೆಂಪು ಗೊಂಚಲಿನಿಂದ ಎದ್ದು, ಅವರಿಬ್ಬರ ನಡುವೆ ಹಾದು, ಪಕ್ಕದ ಖಬರಿನ ತುಂಬೆಹೂವಿಗೆ ಹೋಯಿತು.

"ನನಗೂ ಈ ಹೂ ಬೇಕಿತ್ತು," ಎಂದಳು ಅವಳು. "ಅವರಿಗಾಗಿ ಅಲ್ಲ. ನನಗಾಗಿ. ಹಸಿರುಂಟಾ ಅಂತ ಕೇಳ್ತಿದ್ದೆ ಅಲ್ವಾ, ಅದು ಯಾವಾಗಿನಿಂದಲೋ ಮುಂದಿನ ಭಾನುವಾರ ನೀವು ಬರುದಾ ಇಲ್ವಾ ಅಂತ ನಿಮ್ಮನ್ನು ಕೇಳಿದ ಹಾಗೆ ಆಗಿತ್ತು. ಆ ದಿನ ನಿಮ್ಮ ತೋಟದಲ್ಲೇ ಹೌದು ಅಂತ ಹೇಳಿದ್ರೆ ಅದು ನನ್ನ ಮಾತಾಗ್ತಿತ್ತು. ಹೇಳ್ಲಿಲ್ಲ. ಸತ್ತವರ ಬೆನ್ನ ಹಿಂದೆ ನಿಂತೆ. ನೀವೂ ಅಲ್ಲೇ ಬಂದು ನಿಂತ್ರಿ. ಪಾಪ, ಅವರೊಬ್ಬರನ್ನು ನಾವಿಬ್ಬರೂ ಮುಂದೆ ಮಾಡಿದೆವು."

ಕಾಸಿಂ ಗಿಡದ ಬಳಿ ಕುಳಿತ. ಎರಡೂ ಕೈ ಬುಡದ ಮಣ್ಣಿನಲ್ಲಿ ಇಟ್ಟ.

"ತೆಗೀತೇನೆ ಇದನ್ನು."

"ತೆಗೀಬೇಡಿ!" ಅವಳು ಕೂಗಿದಳು. "ಬೇರು ಅವರವರೆಗೆ ಹೋಗಿದೆ. ಅದು ಅಲ್ಲೇ ಇರ್ಲಿ."

ಅವನು ಕೈ ತೆಗೆದ. ಎದ್ದು ಗೋಡೆಯ ಹತ್ತಿರ ಬಂದ. ಇಷ್ಟು ಹತ್ತಿರ ಅವನು ಆ ಕಡೆಯಿಂದ ಎಂದೂ ಬಂದಿರಲಿಲ್ಲ. ಕನ್ನಡಕದ ಗಾಜಿಗೆ ಮಣ್ಣು ಮೆತ್ತಿತ್ತು. ಒರೆಸಿಕೊಡಲು ಅವಳ ಕೈ ತಾನಾಗಿ ಏಳುವಷ್ಟರಲ್ಲಿ ಅವಳು ಅದನ್ನು ಪಾಚಿಗೆ ಒತ್ತಿಹಿಡಿದಳು.

"ಹಾಗಾದ್ರೆ ನಿಮ್ಮ ಗಿಡದ್ದೇ ಒಂದು ಕಡ್ಡಿ ಕೊಡು. ಇದರ ಪಕ್ಕ ನೆಡ್ತೇನೆ. ಎಲ್ಲಿಗೂ ಹೋಗುದಿಲ್ಲ, ದಿನಾ ಬಂದು ನೀರು ಹಾಕ್ತೇನೆ. ಒಣಗಿದ್ರೆ ಒಣಗಿದೆ ಅಂತ ಹೇಳ್ತೇನೆ. ಬಿಳಿ ಹೂ ಬಿಡುವವರೆಗೆ ಕಾಯ್ತೇನೆ. ಎರಡು ವರ್ಷ, ನಾಲ್ಕು ವರ್ಷ. ತೋಟ ನಾಳೆಯೇ ನಿನ್ನ ಹೆಸರಿಗೆ ಬರೀತೇನೆ, ನೀನು ಬಂದ್ರೂ, ಬಾರದಿದ್ರೂ. ಒಂದು ಕಡ್ಡಿ, ಅಷ್ಟೇ."

ಅವನು ಗೋಡೆಯ ಮೇಲಿಂದ ಕೈ ಚಾಚಿದ. ಉಗುರಿನ ಸಂದಿಯಲ್ಲಿ ಸಾಹುಲನ ಖಬರಿನ ಮಣ್ಣು ಇತ್ತು.

ನಶೀದಾ ಆ ಕೈಯನ್ನು ನೋಡಿದಳು. ಆಮೇಲೆ ಕಲ್ಲಿನಿಂದ ಇಳಿದಳು. ಈಗ ಅವನಿಗೆ ಅವಳ ಕಣ್ಣು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿತು.

"ಬೇಡ. ಕಡ್ಡಿ ಕೊಡುದಿಲ್ಲ. ತೋಟವೂ ಬೇಡ, ನಿಕಾಹೂ ಬೇಡ. ಈ ಮಾತು ಅವರದ್ದಲ್ಲ, ನನ್ನದು."